ದುರ್ಬೀನಿನ ಗೆರೆ ಮತ್ತು ಗದ್ದೆಯ ಮಟ್ಟ



ಮಳೆಗಾಲ ಬಂತೆಂದರೆ ನಮ್ಮ ಮಂಡ್ಯ ಸೀಮೆಯಲ್ಲಿ ಬೆಳಗಾಗೆದ್ದು ಕೇಳುವ ಮಾತು ಒಂದೇ: "ಕನ್ನಂಬಾಡಿ ಎಷ್ಟಡಿ ಆಯ್ತು?" 124.80 ಅಡಿ ಮುಟ್ಟಿತು ಅಂದರೆ ಕಟ್ಟೆ ತುಂಬಿತು, ಆ ವರ್ಷಕ್ಕೆ ಮನಸ್ಸಿಗೆ ಸಮಾಧಾನ. ಅಣೆಕಟ್ಟಿನಲ್ಲಿ ಒಂದೊಂದು ಅಂಗುಲಕ್ಕೂ ನಾವು ಲೆಕ್ಕ ಇಡುತ್ತೇವೆ. ಅದೇ ನೀರು ನಾಲೆ ಇಳಿದು, ತೂಬು ದಾಟಿ ನಮ್ಮ ಗದ್ದೆಗೆ ಬಂದು ನಿಂತ ಮೇಲೆ ಮಾತ್ರ ಅಂಗುಲದ ಮಾತು ಯಾರೂ ಎತ್ತುವುದಿಲ್ಲ. ಇವತ್ತು ನಾನು ಹೇಳಹೊರಟಿರುವುದು ಆ ಅಂಗುಲದ ವಿಚಾರವನ್ನೇ. ಅದನ್ನು ಕಂಡುಹಿಡಿಯುವ ದುರ್ಬೀನಿನ ವಿಚಾರವನ್ನು.

ಮೊದಲು ಒಂದು ಲೆಕ್ಕ ನೋಡಿ. ಒಂದು ಎಕರೆ ಎಂದರೆ 40 ಗುಂಟೆ, 43,560 ಚದರಡಿ. ಇದರ ಮೇಲೆ ಒಂದೇ ಒಂದು ಅಂಗುಲ ನೀರು ನಿಲ್ಲಬೇಕಾದರೆ 3,630 ಘನ ಅಡಿ ನೀರು ಬೇಕು. ಲೀಟರಿನಲ್ಲಿ ಹೇಳುವುದಾದರೆ ಒಂದು ಲಕ್ಷಕ್ಕೆ ಸ್ವಲ್ಪ ಮೇಲೆ. ಈಗ ನಿಮ್ಮ ಗದ್ದೆ ಈ ಬದುವಿನಿಂದ ಆ ಬದುವಿಗೆ ನಾಲ್ಕು ಅಂಗುಲ ಇಳಿಜಾರಾಗಿದೆ ಅನ್ನಿ. ಕಣ್ಣಿಗೆ ಇದು ಕಾಣುವುದೇ ಇಲ್ಲ. ಎತ್ತರದ ಕಡೆ ಎರಡಂಗುಲ ನೀರು ನಿಲ್ಲಿಸಿದರೆ ತಗ್ಗಿನಲ್ಲಿ ಆರಂಗುಲ ನಿಂತಿರುತ್ತದೆ. ಸರಾಸರಿ ನಾಲ್ಕಂಗುಲ ಆಯಿತು. ಎರಡಂಗುಲ ಸಾಕಾಗಿದ್ದ ಕಡೆ ನಾಲ್ಕಂಗುಲ ಕೊಟ್ಟ ಹಾಗಾಯಿತು. ಒಂದು ಸಲ ಗದ್ದೆ ತುಂಬಿಸುವುದರಲ್ಲೇ ಎಕರೆಗೆ ಎರಡು ಲಕ್ಷ ಲೀಟರ್ ದಂಡ!

ನೀರಷ್ಟೇ ಅಲ್ಲ. ದಿಬ್ಬದ ಮೇಲೆ ನೀರು ನಿಲ್ಲದೆ ಕಳೆ ಏಳುತ್ತದೆ, ಅದನ್ನು ಕೀಳುವುದಕ್ಕೆ ಆಳು ಬೇಕು. ತಗ್ಗಿನಲ್ಲಿ ಎಳೇ ಪೈರು ಮುಳುಗಿ ಕೊಳೆಯುತ್ತದೆ, ತೆಂಡೆ ಒಡೆಯುವುದಿಲ್ಲ. ಹಾಕಿದ ಗೊಬ್ಬರ ತಗ್ಗಿಗೆ ಸೇರಿಕೊಳ್ಳುತ್ತದೆ. ಒಂದೇ ತಾಕಿನಲ್ಲಿ ಒಂದು ಮೂಲೆ ಹಳದಿ, ಇನ್ನೊಂದು ಮೂಲೆ ಕಡುಹಸಿರು ಕಂಡರೆ ಬೀಜದ ಅಂಗಡಿಯವರನ್ನು ಬೈಯುವ ಮೊದಲು ನೆಲದ ಮಟ್ಟ ನೋಡುವುದು ಒಳ್ಳೆಯದು. ಇನ್ನು ಕಟ್ಟು ಪದ್ಧತಿಯಲ್ಲಿ ನೀರು ಬಿಡುವ ದಿನಗಳಲ್ಲಂತೂ ಕೇಳುವುದೇ ಬೇಡ. ಮೇಲಿನ ತಾಕಿನವನು ತನ್ನ ದಿಬ್ಬ ಮುಳುಗಲಿ ಎಂದು ತೂಬು ಬಿಟ್ಟುಕೊಂಡಿರುವಷ್ಟು ಹೊತ್ತೂ ಮದ್ದೂರು, ಮಳವಳ್ಳಿ ಕಡೆಯ ಕೊನೇ ಭಾಗದ ರೈತ ಒಣಗಾಲುವೆ ನೋಡುತ್ತಾ ಕೂತಿರುತ್ತಾನೆ. ಆಮೇಲೆ ಜಗಳ, ಪಂಚಾಯಿತಿ, ನೀರುಗಂಟಿಯ ಮೇಲೆ ಆಪಾದನೆ.

ನೀರಿಗೆ ದಾರಿ ತೋರಿಸುವ ದುರ್ಬೀನು ನಮ್ಮ ನೆಲಕ್ಕೆ ಹೊಸದಲ್ಲ. ಕನ್ನಂಬಾಡಿ ಕಟ್ಟೆಯ ಕೆಲಸ 1911ರಲ್ಲಿ ಶುರುವಾಯಿತು. ಅಲ್ಲಿಂದ ಹೊರಟ ನಾಲೆಗೆ ಮೊದಲು ಇರ್ವಿನ್ ನಾಲೆ ಎಂದು ಹೆಸರಿಟ್ಟಿದ್ದರು. ಆಮೇಲೆ ಅದು ವಿಶ್ವೇಶ್ವರಯ್ಯ ನಾಲೆ ಆಯಿತು. ಆ ನಾಲೆಯ ನೀರನ್ನು ಯಾವ ಪಂಪೂ ತಳ್ಳುತ್ತಿಲ್ಲ. ಹುಲಿಕೆರೆಯ ಸುರಂಗದೊಳಗೆ ಹಾದು, ದಿಣ್ಣೆ ಸುತ್ತಿ, ಹಳ್ಳ ದಾಟಿ, ತನ್ನ ಭಾರಕ್ಕೆ ತಾನೇ ಹರಿದು ಬರುತ್ತದೆ. ಮೈಲಿಗಟ್ಟಲೆ ದೂರಕ್ಕೆ ಇಷ್ಟೇ ಇಳಿಜಾರು ಎಂದು ಅಳೆದು ಗೂಟ ನೆಟ್ಟವರು ದುರ್ಬೀನಿಗೆ ಕಣ್ಣಿಟ್ಟು ನಿಂತಿದ್ದ ಜನ. ನಾಲೆಗೆ ಮಾಡಿದ ಆ ಕೆಲಸವನ್ನು ನಮ್ಮ ಗದ್ದೆಗೂ ಮಾಡಿಕೊಂಡರೆ ಆಗಬಾರದೇ?

ಆ ಯಂತ್ರವನ್ನು ಸರ್ವೆಯವರು ಲೆವೆಲ್ ಎನ್ನುತ್ತಾರೆ. ಹಳೆಯದಕ್ಕೆ ಡಂಪಿ ಲೆವೆಲ್, ಈಗಿನದಕ್ಕೆ ಆಟೋ ಲೆವೆಲ್ ಎಂದು ಹೆಸರು. ಮನೆ ಕಟ್ಟಿಸುವ ಕಂಟ್ರಾಕ್ಟರುಗಳ ಹತ್ತಿರ ಇರುತ್ತದೆ. ನಾಲ್ಕೈದು ಮನೆಯವರು ಸೇರಿದರೆ ಬಾಡಿಗೆ ಹೊರೆಯಾಗದು. ಮೂರು ಕಾಲಿನ ಮೇಲೆ ಒಂದು ದುರ್ಬೀನು. ಅದರ ಜೊತೆಗೆ, ಗಾರೆ ಕೆಲಸದವರ ರಸಮಟ್ಟದಲ್ಲಿರುವಂಥ ಒಂದು ಗುಳ್ಳೆ. ದುರ್ಬೀನಿನ ಒಳಗೆ ಕಣ್ಣಿಗೆ ಕಾಣುವ ಹಾಗೆ ಒಂದು ಅಡ್ಡಗೆರೆ, ಒಂದು ನಿಲುಗೆರೆ. ಎದುರಿಗೆ ಸ್ಟಾಫ್ ಎಂಬ ಅಂಕಿ ಬರೆದ ಅಳತೆ ಕೋಲು. ಅಡ್ಡಗೆರೆ ಕೋಲಿನ ಯಾವ ಅಂಕಿಯ ಮೇಲೆ ಕೂರುತ್ತದೋ ಅದನ್ನು ಓದಿ ಬರೆದುಕೊಳ್ಳುವುದು. ಇಷ್ಟೇ ಸಂಗತಿ. ನೆಲ ತಗ್ಗಿದ್ದರೆ ಕೋಲು ಕೆಳಗೆ ನಿಂತು ಅಂಕಿ ದೊಡ್ಡದಾಗುತ್ತದೆ, ನೆಲ ಎತ್ತರವಿದ್ದರೆ ಅಂಕಿ ಚಿಕ್ಕದಾಗುತ್ತದೆ. ಹೊಸಬರು ಇಲ್ಲಿ ತಿರುಗಾಮುರುಗಾ ಮಾಡಿಕೊಳ್ಳುತ್ತಾರೆ. ದೊಡ್ಡ ಅಂಕಿ ತಗ್ಗು, ಚಿಕ್ಕ ಅಂಕಿ ದಿಬ್ಬ ಎಂದು ಪುಸ್ತಕದ ಮೇಲೇ ಬರೆದಿಟ್ಟುಕೊಳ್ಳಿ.

ಆ ಗೆರೆಗಳ ಕಥೆ ಸ್ವಾರಸ್ಯವಾಗಿದೆ. 1640ರ ಸುಮಾರಿನಲ್ಲಿ ಇಂಗ್ಲೆಂಡಿನ ವಿಲಿಯಂ ಗ್ಯಾಸ್ಕಾಯ್ನ್ ಎಂಬಾತ ನಕ್ಷತ್ರ ನೋಡುತ್ತಿದ್ದ ದುರ್ಬೀನಿನೊಳಗೆ ಜೇಡ ಒಂದು ಎಳೆ ಹಾಕಿತ್ತಂತೆ. ನೋಡಿದರೆ ಆ ಎಳೆಯೂ ಸ್ಪಷ್ಟ, ದೂರದ ನೋಟವೂ ಸ್ಪಷ್ಟ! ಅಲ್ಲಿಂದ ದುರ್ಬೀನಿಗೆ ಗುರಿಗೆರೆ ಬಂತು. ಬಹಳ ಕಾಲ ಸರ್ವೆ ಯಂತ್ರಗಳಿಗೆ ನಿಜವಾದ ಜೇಡನ ಎಳೆಯನ್ನೇ ಅಂಟಿಸುತ್ತಿದ್ದರು. ಈಗ ಗಾಜಿನ ಮೇಲೆ ಕೊರೆದಿರುತ್ತಾರೆ. ಬಂದೂಕಿನ ಮೇಲೆ ಕೂರಿಸುವ ದುರ್ಬೀನಿನಲ್ಲಿರುವುದೂ ಇದೇ ಗೆರೆ.

ಬಂದೂಕಿನ ಮಾತು ಬಂದದ್ದು ಒಳ್ಳೆಯದೇ ಆಯಿತು. ಬೆಳೆ ಕಾಯಲೆಂದು ಲೈಸೆನ್ಸ್ ಪಡೆದು, ಚುನಾವಣೆ ಬಂದಾಗಲೆಲ್ಲ ಠಾಣೆಗೆ ಒಪ್ಪಿಸಿ ಬರುವ ನಾಡಬಂದೂಕಿಗೆ ದುರ್ಬೀನು ಇರುವುದಿಲ್ಲ. ಆದರೆ ಮಿಲಿಟರಿಯಲ್ಲಿದ್ದು ಬಂದವರು ನಿಮ್ಮೂರಲ್ಲಿದ್ದರೆ ಕೇಳಿ ನೋಡಿ, ಹೇಳುತ್ತಾರೆ: ದುರ್ಬೀನನ್ನು ಬಂದೂಕಿಗೆ ಬಿಗಿದ ಮಾತ್ರಕ್ಕೆ ಗುಂಡು ಗೆರೆ ಇಟ್ಟಲ್ಲಿಗೆ ಹೋಗುವುದಿಲ್ಲ. ಗೊತ್ತಾದ ದೂರದಲ್ಲಿ ಕಾಗದ ನಿಲ್ಲಿಸಿ, ಒಂದೇ ಗುರಿಗೆ ಮೂರು ಗುಂಡು ಹಾರಿಸಿ, ಮೂರರ ನಡುವೆಲ್ಲಿ ಎಂದು ನೋಡಿ, ತಿರುಪು ತಿರುಗಿಸಿ ಗೆರೆಯನ್ನು ಅಲ್ಲಿಗೆ ತರಬೇಕು. ಗುಂಡು ಹೋಗ್ತಾ ಹೋಗ್ತಾ ಕೆಳಗೆ ಬಾಗುತ್ತದೆ. ಅದಕ್ಕೇ ಇಂತಿಷ್ಟು ದೂರಕ್ಕೆ ಎಂದು ಹೊಂದಿಸುವುದು. ನಮ್ಮ ಲೆವೆಲ್ಲಿನಲ್ಲಿ ಗುಂಡಿಲ್ಲ, ಬಾಗುವ ಮಾತಿಲ್ಲ. ಆದರೂ ಪರೀಕ್ಷೆ ಮಾಡದ ಗೆರೆಯನ್ನು ನಂಬಬಾರದು ಎಂಬ ಮಾತು ಎರಡಕ್ಕೂ ಒಂದೇ. ಬಂದೂಕಿನ ತಪ್ಪು ಒಂದು ಏಟಿಗೆ ಗೊತ್ತಾಗಿಬಿಡುತ್ತದೆ. ಲೆವೆಲ್ಲಿನ ತಪ್ಪು ಮಣ್ಣೆಲ್ಲ ಹೊತ್ತು ಹಾಕಿ, ನೀರು ಬಿಟ್ಟ ಮೇಲೆ ಗೊತ್ತಾಗುತ್ತದೆ!

ಯಂತ್ರ ನಿಲ್ಲಿಸುವ ಕ್ರಮ ಕೇಳಿ. ಕಾಲುಗಳನ್ನು ಗಟ್ಟಿ ನೆಲದಲ್ಲಿ ತುಳಿದು ಊರಿ. ಕೆಸರಿನಲ್ಲಿ ಬೇಡ, ಓದುತ್ತಿರುವಾಗಲೇ ಒಂದು ಕಾಲು ಇಳಿದುಬಿಡುತ್ತದೆ. ಕೆಳಗೆ ಮೂರು ತಿರುಪು ಇರುತ್ತವೆ. ಎರಡು ತಿರುಪನ್ನು ಎರಡು ಕೈಯಲ್ಲಿ ಹಿಡಿದು ಒಟ್ಟಿಗೆ, ಎರಡೂ ಹೆಬ್ಬೆರಳು ಒಳಮುಖವಾಗಿ ಇಲ್ಲವೇ ಎರಡೂ ಹೊರಮುಖವಾಗಿ ತಿರುಗಿಸಿ. ನಿಮ್ಮ ಎಡ ಹೆಬ್ಬೆರಳು ಯಾವ ಕಡೆ ಹೋಗುತ್ತದೋ ಗುಳ್ಳೆ ಆ ಕಡೆಗೇ ಓಡುತ್ತದೆ. ಗುಳ್ಳೆ ನಡುವಿಗೆ ಬಂದ ಮೇಲೆ ದುರ್ಬೀನನ್ನು ಕಾಲು ಸುತ್ತು ತಿರುಗಿಸಿ ಮೂರನೇ ತಿರುಪಿನಿಂದ ಮತ್ತೆ ನಡುವಿಗೆ ತನ್ನಿ. ಸುತ್ತಲೂ ತಿರುಗಿಸಿದರೂ ಗುಳ್ಳೆ ಕದಲಬಾರದು. ಆಟೋ ಲೆವೆಲ್ಲಿನಲ್ಲಿ ಇಷ್ಟು ಕಷ್ಟವಿಲ್ಲ. ದುಂಡು ಗುಳ್ಳೆಯನ್ನು ಬಳೆಯೊಳಗೆ ತಂದರೆ ಸಾಕು, ಮಿಕ್ಕದ್ದನ್ನು ಒಳಗೆ ತೂಗುಬಿದ್ದಿರುವ ಗಾಜು ಸರಿಮಾಡಿಕೊಳ್ಳುತ್ತದೆ.

ಆಮೇಲೆ ಕಣ್ಣು. ಇದನ್ನು ಬಹಳ ಜನ ಬಿಟ್ಟೇಬಿಡುತ್ತಾರೆ. ಮೊದಲು ದುರ್ಬೀನನ್ನು ಬರೀ ಆಕಾಶದ ಕಡೆಗೋ ಬಿಳೀ ಪಂಚೆಯ ಕಡೆಗೋ ತಿರುಗಿಸಿ (ಸೂರ್ಯನ ಕಡೆಗಲ್ಲ, ಕಣ್ಣು ಹೋದೀತು). ಕಣ್ಣಿಡುವ ಕಡೆಯ ಬಳೆಯನ್ನು ತಿರುಗಿಸುತ್ತಾ ಅಡ್ಡಗೆರೆ ಮಸಿ ಕಪ್ಪಾಗಿ, ಚೂಪಾಗಿ ಕಾಣುವಂತೆ ಮಾಡಿ. ಅದಾದ ಮೇಲೆ ಕೋಲಿನ ಕಡೆ ತಿರುಗಿಸಿ, ಪಕ್ಕದ ದೊಡ್ಡ ತಿರುಪಿನಿಂದ ಅಂಕಿಗಳು ಸ್ಪಷ್ಟವಾಗುವಂತೆ ಮಾಡಿ. ಈಗ ತಲೆಯನ್ನು ಸ್ವಲ್ಪ ಮೇಲೆ ಕೆಳಗೆ ಆಡಿಸಿ ನೋಡಿ. ಗೆರೆ ಅಂಕಿಯ ಮೇಲೆ ಅಂಟಿದಂತೆ ನಿಂತರೆ ಸರಿ. ತಲೆ ಆಡಿದಂತೆ ಗೆರೆಯೂ ಅಂಕಿ ಬಿಟ್ಟು ಆಡಿದರೆ, ಗೆರೆಯೂ ನೋಟವೂ ಒಂದೇ ಜಾಗದಲ್ಲಿ ಕೂತಿಲ್ಲ ಎಂದರ್ಥ. ಮತ್ತೆ ಮೊದಲಿನಿಂದ ಮಾಡಿ. ಅಪ್ಪ ಓದಿದ್ದು ಒಂದು, ಮಗ ಓದಿದ್ದು ಇನ್ನೊಂದು ಎಂಬ ತಂಟೆ ಬಹುತೇಕ ಇಲ್ಲಿಂದಲೇ ಬರುವುದು. ಹಳೇ ಯಂತ್ರದಲ್ಲಿ ಕೋಲು ತಲೆಕೆಳಗಾಗಿ ಕಂಡರೆ ಗಾಬರಿ ಬೇಡ, ಅದರ ರಚನೆಯೇ ಹಾಗೆ.

ಈಗ ಮುಖ್ಯ ವಿಷಯಕ್ಕೆ ಬರೋಣ. ಗುಳ್ಳೆ ನಡುವಿನಲ್ಲಿದೆ, ಗೆರೆ ಚೂಪಾಗಿದೆ. ಆದರೆ ಆ ಗೆರೆ ತೋರಿಸುವ ನೋಟ ನಿಜವಾಗಿ ಮಟ್ಟವಾಗಿದೆಯೇ? ಯಂತ್ರ ಜೀಪಿನಲ್ಲಿ ಕುಲುಕಿರಬಹುದು, ಯಾರೋ ಬೀಳಿಸಿರಬಹುದು. ಗುಳ್ಳೆ ಸರಿಯಾಗಿದ್ದು, ಗೆರೆ ಕೂದಲೆಳೆಯಷ್ಟು ಸರಿದಿದ್ದರೂ ನೋಟ ಮೇಲಕ್ಕೋ ಕೆಳಕ್ಕೋ ವಾಲುತ್ತದೆ. ಇದನ್ನು ಹಿಡಿಯುವುದಕ್ಕೆ ಎರಡು ಗೂಟ ಮತ್ತು ಅರ್ಧ ಗಂಟೆ ಸಾಕು.

ಸುಮಾರಾಗಿ ಸಮನಾದ ಬಯಲಿನಲ್ಲಿ 200 ಅಡಿ ಅಂತರಕ್ಕೆ ಎರಡು ಗೂಟ ಹೊಡೆಯಿರಿ. ಒಂದನ್ನು ಮೂಡಲ ಗೂಟ, ಇನ್ನೊಂದನ್ನು ಪಡುವಲ ಗೂಟ ಎನ್ನೋಣ. ಯಂತ್ರವನ್ನು ಸರಿಯಾಗಿ ನಡುವೆ, ಎರಡಕ್ಕೂ 100 ಅಡಿ ದೂರದಲ್ಲಿ ನಿಲ್ಲಿಸಿ. ಮೂಡಲ ಗೂಟದ ಮೇಲೆ ಕೋಲು ಇಟ್ಟು ಓದಿದರೆ 4.20 ಅಡಿ ಬಂತು, ಪಡುವಲ ಗೂಟದ ಮೇಲೆ 5.10 ಬಂತು ಅನ್ನಿ. ವ್ಯತ್ಯಾಸ 0.90 ಅಡಿ. ಯಂತ್ರ ಕೆಟ್ಟಿದ್ದರೂ ಈ 0.90 ಸತ್ಯವೇ! ಹೇಗೆ ಅಂತೀರಾ? ಅಕ್ಕಪಕ್ಕದ ಮನೆಯವರು ಕೈಸಾಲದ ಭತ್ತವನ್ನು ಒಂದೇ ಸೇರಿನಲ್ಲಿ ಅಳೆಯುತ್ತಾರೆ. ಆ ಸೇರು ಒಡೆದಿದ್ದರೂ ಕೊಟ್ಟದ್ದು ಅದರಲ್ಲೇ, ಈಸಿಕೊಂಡದ್ದೂ ಅದರಲ್ಲೇ, ಯಾರಿಗೂ ನಷ್ಟವಿಲ್ಲ. ಹಾಗೆಯೇ ನಡುವೆ ನಿಂತಾಗ ಎರಡೂ ಕಡೆಗೆ ದೂರ ಒಂದೇ, ಆದ್ದರಿಂದ ತಪ್ಪೂ ಒಂದೇ. ಒಂದರಲ್ಲಿ ಒಂದನ್ನು ಕಳೆದಾಗ ತಪ್ಪು ಅಲ್ಲಿಗಲ್ಲಿಗೆ ಸರಿಹೋಗುತ್ತದೆ.

ಈಗ ಯಂತ್ರವನ್ನು ಎತ್ತಿ ಮೂಡಲ ಗೂಟದ ಪಕ್ಕಕ್ಕೆ, ಏಳೆಂಟು ಅಡಿ ಹತ್ತಿರಕ್ಕೆ ತನ್ನಿ. ಮತ್ತೆ ಗುಳ್ಳೆ ಹೊಂದಿಸಿ ಎರಡೂ ಗೂಟ ಓದಿ. ಮೂಡಲದ್ದು 4.60 ಬಂತು. ಇದು ಹತ್ತಿರವಿರುವುದರಿಂದ ತಪ್ಪು ಲೆಕ್ಕಕ್ಕೆ ಬಾರದಷ್ಟು. ವ್ಯತ್ಯಾಸ 0.90 ಎಂದು ಆಗಲೇ ಗೊತ್ತಿದೆ. ಹಾಗಾದರೆ ಪಡುವಲದ್ದು 5.50 ಬರಬೇಕು. 5.50 ಬಂದರೆ ಯಂತ್ರ ಸಾಚಾ. 5.62 ಬಂತು ಎನ್ನಿ. ಆಗ ಗೆರೆ 200 ಅಡಿ ದೂರದಲ್ಲಿ 0.12 ಅಡಿ, ಅಂದರೆ ಹತ್ತಿರ ಹತ್ತಿರ ಒಂದೂವರೆ ಅಂಗುಲ ಮೇಲಕ್ಕೆ ನೋಡುತ್ತಿದೆ.

ಇಲ್ಲಿ ಒಂದು ಎಚ್ಚರ. ಕೋಲಿನ ಅಂಕಿ ಅಡಿಯ ನೂರನೇ ಪಾಲಿನಲ್ಲಿರುತ್ತದೆ. 0.12 ಅಡಿ ಎಂದರೆ ಹನ್ನೆರಡು ಅಂಗುಲವಲ್ಲ! ಕನ್ನಂಬಾಡಿಯ 124.80ರಲ್ಲಿನ 80 ಕೂಡ ಎಂಟಂಗುಲವಲ್ಲ, ಒಂಬತ್ತೂವರೆ ಅಂಗುಲಕ್ಕೆ ತುಸು ಮೇಲೆ. ಅಡಿಯನ್ನು ಅಂಗುಲ ಮಾಡಲು 12ರಿಂದ ಗುಣಿಸಬೇಕು. ಮನೆಯಲ್ಲಿ ಹೈಸ್ಕೂಲಿಗೆ ಹೋಗುವ ಮಗಳಿದ್ದರೆ ಲೆಕ್ಕದ ಪುಸ್ತಕ ಅವಳ ಕೈಗೆ ಕೊಡಿ, ನಮಗಿಂತ ಚೆನ್ನಾಗಿ ಮಾಡುತ್ತಾಳೆ.

ಒಂದೂವರೆ ಅಂಗುಲ ಏನು ಮಹಾ ಎನ್ನಬೇಡಿ. ಅದೇ ಯಂತ್ರವನ್ನು ತೂಬಿನ ಬಾಯಲ್ಲಿ ನಿಲ್ಲಿಸಿ 600 ಅಡಿ ದೂರದ ಗದ್ದೆಯನ್ನು ಒಂದೇ ಏಟಿಗೆ ನೋಡಿದಿರಿ ಅನ್ನಿ. ತಪ್ಪು ಮೂರು ಪಟ್ಟಾಗಿ 0.36 ಅಡಿ, ನಾಲ್ಕಂಗುಲಕ್ಕೂ ಮೇಲಾಯಿತು. ಗದ್ದೆ ಇರುವುದಕ್ಕಿಂತ ನಾಲ್ಕಂಗುಲ ತಗ್ಗಾಗಿ ಕಾಣುತ್ತದೆ. ನೀರು ತಾನಾಗಿ ಬರುತ್ತದೆ ಎಂದು ನಂಬಿ ಕಾಲುವೆ ತೋಡಿಸುತ್ತೀರಿ. ನೀರು ಅರ್ಧ ದಾರಿಯಲ್ಲಿ ನಿಂತು ಪಕ್ಕದವನ ಬದು ಒಡೆಯುತ್ತದೆ.

ಗೆರೆಯನ್ನು ಸರಿಸಲು ಕಣ್ಣಿಡುವ ಕಡೆಯಲ್ಲಿ ಸಣ್ಣ ತಿರುಪುಗಳಿವೆ. ಕೋಲನ್ನು ಪಡುವಲ ಗೂಟದ ಮೇಲೆ ಹಾಗೇ ಹಿಡಿಸಿ, ಗೆರೆ 5.62ರಿಂದ 5.50ಕ್ಕೆ ಇಳಿಯುವವರೆಗೆ ಅದನ್ನು ತಿರುಗಿಸುವುದು. ಇದು ಕೈ ಪಳಗಿದವರ ಕೆಲಸ. ಬಾಡಿಗೆಗೆ ತಂದವರು ಮುಟ್ಟದಿರುವುದೇ ಲೇಸು ಎಂದು ನನ್ನ ಅಭಿಪ್ರಾಯ. ತಪ್ಪಿರುವ ಯಂತ್ರವನ್ನು ವಾಪಸ್ಸು ಕೊಟ್ಟು ಬೇರೆ ಕೇಳಿ. ಬೇರೆ ಸಿಗದಿದ್ದರೆ ಅದರಲ್ಲೇ ನಿಭಾಯಿಸುವ ಉಪಾಯ ಈಗಾಗಲೇ ನಿಮ್ಮ ಕೈಯಲ್ಲಿದೆ: ಯಾವಾಗಲೂ ನಡುವೆ ನಿಲ್ಲುವುದು. ದೂರದ ಕಾಲುವೆಗೆ 200 ಅಡಿಗೊಂದು ಗೂಟ ಹೊಡೆದು, ಪ್ರತಿ ಸಲವೂ ಎರಡು ಗೂಟದ ಮಧ್ಯೆ ಯಂತ್ರ ಇಟ್ಟು ಓದಿಕೊಂಡು ಹೋಗಿ. ಗದ್ದೆಯಲ್ಲಾದರೆ ಬದುವಿನ ಮೂಲೆಯಲ್ಲಿ ನೆರಳು ಹುಡುಕಿ ನಿಲ್ಲಬೇಡಿ, ತಾಕಿನ ನಡುವೆ ನಿಲ್ಲಿ. ನಾನು ಹೇಳಿದ ಆ ಕೆಟ್ಟ ಯಂತ್ರದಲ್ಲೇ 150 ಅಡಿ ಚೌಕದ ತಾಕನ್ನು ನಡುವಿನಿಂದ ಓದಿದರೆ ತಪ್ಪು ಅರ್ಧ ಅಂಗುಲ ಮೀರುವುದಿಲ್ಲ. ಮೂಲೆಯಿಂದ ಓದಿದರೆ ಒಂದಂಗುಲ.

ಆ 150 ಅಡಿ ಚೌಕವನ್ನೇ ತೆಗೆದುಕೊಳ್ಳೋಣ, ಸುಮಾರು 20 ಗುಂಟೆ. 50 ಅಡಿಯ ಒಂಬತ್ತು ಚೌಕ ಮಾಡಿ, ಒಂದೊಂದರ ನಡುವೆ ಗೂಟ ಹೊಡೆಯಿರಿ. ಕೋಲು ಹಿಡಿಯುವವರು ಗೂಟದ ಬುಡದಲ್ಲಿ ಗಟ್ಟಿ ನೆಲಕ್ಕೆ ಇಡಬೇಕು, ಹೆಂಟೆಯ ಮೇಲಲ್ಲ. ಕೋಲು ನೆಟ್ಟಗಿದೆಯೇ ಎಂಬ ಅನುಮಾನ ಬಂದರೆ ಮೆಲ್ಲಗೆ ಹಿಂದಕ್ಕೆ ಮುಂದಕ್ಕೆ ತೂಗಲು ಹೇಳಿ. ಎಲ್ಲಕ್ಕಿಂತ ಚಿಕ್ಕ ಅಂಕಿ ಕಂಡ ಗಳಿಗೆಯೇ ಕೋಲು ನೆಟ್ಟಗಿದ್ದ ಗಳಿಗೆ. ಮೊದಲ ಸಾಲಿನಲ್ಲಿ 4.10, 4.20, 4.35; ಎರಡನೆಯದರಲ್ಲಿ 4.25, 4.40, 4.50, ಮೂರನೆಯದರಲ್ಲಿ 4.45, 4.55, 4.80 ಬಂದವು ಅನ್ನಿ. ಕೂಡಿದರೆ 39.60. ಒಂಬತ್ತರಿಂದ ಭಾಗಿಸಿದರೆ 4.40. ಇದೇ ನಿಮ್ಮ ಗದ್ದೆಯ ಮಟ್ಟ. 4.10 ಇರುವ ಮೂಲೆಯಲ್ಲಿ 0.30 ಅಡಿ, ಅಂದರೆ ಮೂರೂವರೆ ಅಂಗುಲದಷ್ಟು ಕೆತ್ತಬೇಕು. 4.80 ಇರುವ ಮೂಲೆಗೆ 0.40, ಸುಮಾರು ಐದಂಗುಲ ತುಂಬಬೇಕು. ಹೀಗೆ ಎಲ್ಲ ಗೂಟಕ್ಕೂ ಲೆಕ್ಕ ಹಾಕಿ, ಕೆತ್ತುವ ಗೂಟಕ್ಕೆ ಕೆಂಪು ಬಟ್ಟೆ, ತುಂಬುವ ಗೂಟಕ್ಕೆ ಬಿಳಿ ಬಟ್ಟೆ ಕಟ್ಟಿ. ಕೆತ್ತುವುದರ ಮೊತ್ತ 0.70, ತುಂಬುವುದರ ಮೊತ್ತವೂ 0.70, ಎರಡೂ ಸಮ ಬಂದರೆ ಲೆಕ್ಕ ಸರಿ ಎಂದು ತಿಳಿಯಿರಿ. ಓದು ಮುಗಿದ ಮೇಲೆ ಮೊದಲ ಗೂಟಕ್ಕೆ ವಾಪಸ್ಸು ಹೋಗಿ ಮತ್ತೊಮ್ಮೆ ಓದಿ. ಮೊದಲು ಬಂದ ಅಂಕಿಯೇ ಬರಬೇಕು, 0.02 ಅಡಿಗಿಂತ ಹೆಚ್ಚು ವ್ಯತ್ಯಾಸವಾದರೆ ನಡುವೆ ಯಾರೋ ಯಂತ್ರದ ಕಾಲು ತಾಕಿಸಿದ್ದಾರೆ.

ಮೇಲ್ಮಣ್ಣು ನಿಮ್ಮ ಆಸ್ತಿ ಎಂಬುದನ್ನು ಮರೆಯಬಾರದು. ನಾಲ್ಕೈದು ಅಂಗುಲಕ್ಕಿಂತ ಆಳವಾಗಿ ಕೆತ್ತಬೇಕಾಗಿ ಬಂದರೆ ನಡುವೆ ಒಂದು ಬದು ಹಾಕಿ ಎರಡು ಮೆಟ್ಟಿಲು ಮಾಡಿಕೊಳ್ಳುವುದೇ ಮೇಲು. ಹಾಗೂ ಕೆತ್ತುವುದಾದರೆ ಮೇಲ್ಮಣ್ಣನ್ನು ಪಕ್ಕಕ್ಕೆ ಗುಡ್ಡೆ ಹಾಕಿ, ಮಟ್ಟ ಮಾಡಿದ ಮೇಲೆ ಮತ್ತೆ ಹರಡಿ. ಕೆತ್ತಿದ ಜಾಗದಲ್ಲಿ ಮೊದಲ ಬೆಳೆ ಸೊರಗುವುದುಂಟು. ಅಲ್ಲಿಗೆ ಕೊಟ್ಟಿಗೆ ಗೊಬ್ಬರ ಧಾರಾಳವಾಗಿ ಕೊಡಿ, ಎಕರೆಗೆ 8 ಕಿಲೋ ಲೆಕ್ಕದಲ್ಲಿ ಜಿಂಕ್ ಸಲ್ಫೇಟ್ ಹಾಕಿ.

ಈಗ ಟ್ರ್ಯಾಕ್ಟರಿಗೆ ಕಟ್ಟುವ ಲೇಸರ್ ಯಂತ್ರ ಬಂದಿದೆ. ಬದುವಿನ ಬಳಿ ನಿಂತ ದೀಪ ಸುತ್ತಲೂ ಬೆಳಕಿನ ಗೆರೆ ಬೀರುತ್ತದೆ, ಹಿಂದಿನ ಬಕೀಟು ಅದನ್ನು ಹಿಡಿದು ತಾನೇ ಮೇಲೆ ಕೆಳಗೆ ಆಡುತ್ತದೆ. ದೊಡ್ಡ ತಾಕಿಗೆ ಬಹಳ ಚೆನ್ನ, ಸಂದೇಹವಿಲ್ಲ. ಆದರೆ ಆ ಬೆಳಕಿನ ಗೆರೆಯೂ ವಾಲಿರಬಹುದು. ಯಂತ್ರದವರು ಬಂದಾಗ ಎರಡು ಗೂಟದ ಪರೀಕ್ಷೆ ಮಾಡಿ ತೋರಿಸಿ ಎಂದು ಕೇಳಲು ಸಂಕೋಚ ಪಡಬೇಡಿ, ಗಂಟೆ ಲೆಕ್ಕದ ಬಾಡಿಗೆ ಕೊಡುವವರು ನೀವು.

ಈ ಕೆಲಸಕ್ಕೆ ಬೇಸಿಗೆ, ನಾಲೆ ನಿಂತಿರುವ ಕಾಲ ಅನುಕೂಲ. ಒಟ್ಲು ಹಾಕುವ ಮೊದಲೇ ಮುಗಿಸಿಕೊಳ್ಳಿ. ಬೆಳಗಿನ ಹೊತ್ತು ಓದಿ. ನೆತ್ತಿಗೆ ಬಿಸಿಲು ಬಂದಾಗ ನೆಲದ ಕಾವಿಗೆ ಕೋಲಿನ ಅಂಕಿ ನೀರಿನಂತೆ ಅಲುಗುತ್ತದೆ, ಗುಳ್ಳೆಯೂ ಒಂದು ಕಡೆಗೆ ಹೋಗುತ್ತದೆ. ಯಂತ್ರಕ್ಕೆ ಒಂದು ಕೊಡೆ ಹಿಡಿಸಿ. ತುಂಬಿದ ಮಣ್ಣು ಮೊದಲ ಕೆಸರುಳುಮೆಯಲ್ಲಿ ಕುಸಿಯುತ್ತದೆ. ಆದ್ದರಿಂದ ಹಲಗೆ ಹೊಡೆದ ಮೇಲೆ ತೆಳ್ಳಗೆ ನೀರು ನಿಲ್ಲಿಸಿ, ಎಲ್ಲಿ ನೆಲ ಕಾಣುತ್ತದೆ, ಎಲ್ಲಿ ಮಡು ನಿಲ್ಲುತ್ತದೆ ಎಂದು ನೋಡಿ ಕಡ್ಡಿ ನೆಟ್ಟು ಗುರುತು ಮಾಡಿ. ಉಳಿದ ಚೂರುಪಾರು ಏರುತಗ್ಗನ್ನು ಅಲ್ಲೇ ಸರಿಪಡಿಸಿ. ಅಂಕಿ ಬರೆದ ಪುಸ್ತಕವನ್ನು ಎಸೆಯಬೇಡಿ. ಪಂಪ್ ಮನೆಯ ಹೊಸ್ತಿಲ ಕಲ್ಲೋ ಅಂಥ ಕದಲದ ಇನ್ನಾವುದೋ ಒಂದು ಜಾಗದ ಓದನ್ನೂ ಅದರಲ್ಲಿ ಬರೆದಿಟ್ಟಿದ್ದರೆ, ಬರುವ ವರ್ಷ ಯಾವ ಮೂಲೆ ಎಷ್ಟು ಕುಸಿದಿದೆ ಎಂದು ಅದಕ್ಕೆ ಹೋಲಿಸಿ ಒಂದು ಬೆಳಗಿನಲ್ಲೇ ಹೇಳಬಹುದು.